ಒಂದೇ ನದಿಯ ಎರಡು ಹವೆ

ಕುಮಟೆಯ ಕಡೆ ಮದುವೆ, ಮುಂಜಿಗಳಿಗೆ ಹೋದಾಗ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ನಮ್ಮನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ನಾಸಿಕದಲ್ಲೂ ಇದ್ದು ಬಂದ್ರಿ, ಈಗ ಔರಂಗಾಬಾದಿನಲ್ಲಿದ್ರಿ. ಹವೆ ಎಲ್ಲಿ ಚೊಲೊ?” ಛತ್ರಪತಿ ಸಂಭಾಜಿನಗರ ಎಂಬ ಹೊಸ ಹೆಸರು 2023ರಿಂದ ಕಾಗದಪತ್ರಗಳಿಗೆ ಬಂದಿದ್ದರೂ ನಮ್ಮ ನೆಂಟರ ಬಾಯಿಗೆ ಇನ್ನೂ ಬಂದಿಲ್ಲ. ಹೋಳಿಗೆಯ ಮೇಲೆ ತುಪ್ಪ ಬೀಳುವುದರೊಳಗೆ ಉತ್ತರಿಸಿ ಮುಗಿಸಬೇಕಾದ ಪ್ರಶ್ನೆ ಅದು. ಮೊದಮೊದಲು ನಾವು ಹಿಂದುಮುಂದು ನೋಡದೆ “ನಾಸಿಕದ್ದೇ ಚೊಲೊ” ಎಂದುಬಿಡುತ್ತಿದ್ದೆವು. ಈಚೆಗೆ ಹಾಗೆ ಹೇಳಲು ನಾಲಗೆ ಏಳುವುದಿಲ್ಲ. ಯಾಕೆ ಏಳುವುದಿಲ್ಲ ಎಂಬುದನ್ನು, ತುಪ್ಪದ ಅವಸರವಿಲ್ಲದೆ, ಇಲ್ಲಿ ಬರೆದು ನೋಡುವ ಮನಸ್ಸಾಗಿದೆ.

ನಾವೆಂದರೆ ಗಂಡ ಹೆಂಡತಿ, ಒಬ್ಬಳು ಮಗಳು, ಮತ್ತು 2021ರಿಂದ ನಮ್ಮ ಜೊತೆಗಿರುವ ಆಯಿ. ನಮ್ಮಲ್ಲೊಬ್ಬರಿಗೆ ಕೇಂದ್ರ ಸರ್ಕಾರದ ನೌಕರಿ. ಉಳಿದವರಿಗೆ ಆ ನೌಕರಿಯ ವರ್ಗಾವಣೆ. ಬರೆಯುವ ಕೈ ಒಂದೇ ಆದರೂ ಸೆಕೆ ಚಳಿಗಳನ್ನು ಒಟ್ಟಿಗೇ ಉಂಡವರಾದ್ದರಿಂದ ‘ನಾವು’ ಎನ್ನುವುದೇ ಸರಿ.

ಕರಾವಳಿಯಲ್ಲಿ ಹುಟ್ಟಿದವರಿಗೆ ಹವೆಯ ಮಾತು ಹೊಸದಲ್ಲ. ಕಾರವಾರದ ಮಳೆ ಹೆಚ್ಚೋ ಮಂಗಳೂರಿನದು ಹೆಚ್ಚೋ, ಯಾವ ಊರಿನ ಸೆಕೆ ಹೆಚ್ಚು ಅಂಟು, ಇಂಥ ವಾದಗಳು ನಮ್ಮಲ್ಲಿ ಜಗಲಿಯಿಂದ ಜಗಲಿಗೆ ನಡೆದೇ ಇರುತ್ತವೆ. ಘಟ್ಟದ ಮೇಲಿನವರಿಗೆ ಆ ವಾದ ನಗೆ ತರಿಸುತ್ತದೆ. ಅವರಿಗೆ ಎರಡೂ ಒಂದೇ, ಬೆವರು ಮತ್ತು ಮಳೆ. ಹಾಗೆಯೇ ನಮ್ಮ ನೆಂಟರಿಗೆ ನಾಸಿಕ ಮತ್ತು ಸಂಭಾಜಿನಗರ ಎರಡೂ ಒಂದೇ, ದೂರದ ಬಯಲು ಮತ್ತು ಒಣಹವೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟುವ ಮಳೆಯಲ್ಲಿ ಬೆಳೆದವರು ನಾವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಬಟ್ಟೆ, ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಹಿಡಿದ ಅಂಗಿ, ಪುಸ್ತಕದ ರಟ್ಟಿನ ಮೇಲೆ ಬಿಳಿಯ ಬೂಷ್ಟು ಇವೆಲ್ಲ ನಮಗೆ ಬಾಲ್ಯದ ಸಹಜ ಸಂಗತಿಗಳು. ಹಿತ್ತಿಲಲ್ಲಿ ಬಾವಿ, ಬಾವಿಯಲ್ಲಿ ಕೈಗೆಟಕುವ ನೀರು. ನೀರು ಎಂಬುದೂ ಹವಾಮಾನದ ಒಂದು ಭಾಗ ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ.

ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಇನ್ನೊಂದು ಪಾಠವಾಯಿತು. ಶೇಕ್ಸ್‌ಪಿಯರನ ಹದಿನೆಂಟನೆಯ ಸಾನೆಟ್ಟಿನಲ್ಲಿ ಕವಿ ತನ್ನ ಪ್ರಿಯವ್ಯಕ್ತಿಯನ್ನು ಬೇಸಿಗೆಯ ದಿನಕ್ಕೆ ಹೋಲಿಸಲು ಹೊರಡುತ್ತಾನೆ. ಮಾರ್ಚ್ ತಿಂಗಳ ಮಧ್ಯಾಹ್ನ, ಫ್ಯಾನು ನಿಂತ ತರಗತಿಯಲ್ಲಿ ಕುಳಿತು ಅದನ್ನು ಓದಿದ ನಮಗೆ ಇದು ಹೊಗಳಿಕೆಯೋ ಬೈಗುಳವೋ ಎಂಬುದು ಕೂಡಲೇ ತಿಳಿಯಲಿಲ್ಲ. ಇಂಗ್ಲೆಂಡಿನ ಬೇಸಿಗೆ ಹಾತೊರೆದು ಕಾಯುವ ಋತು ಎಂದು ಅಡಿಟಿಪ್ಪಣಿ ಓದಿ ಒಪ್ಪಿಕೊಂಡೆವು. ನಮ್ಮ ಕಾವ್ಯದಲ್ಲಿ ಕಾಯುವುದು ಮೋಡಕ್ಕಾಗಿ. ಕಾಳಿದಾಸನ ಯಕ್ಷ ತನ್ನ ಸಂದೇಶವನ್ನು ಒಪ್ಪಿಸಿದ್ದು ಆಷಾಢದ ಮೇಘಕ್ಕೆ. ಹವೆಯ ಮೇಲಿನ ಪ್ರೀತಿ ನಿಂತ ನೆಲವನ್ನು ಅವಲಂಬಿಸಿರುತ್ತದೆ ಎಂಬುದು ಅಂದೇ ಪುಸ್ತಕದಿಂದ ತಿಳಿದಿತ್ತು. ಬದುಕಿನಿಂದ ತಿಳಿಯಲು ಗೋದಾವರಿಯ ದಂಡೆಗೆ ಹೋಗಬೇಕಾಯಿತು.

ನಾಸಿಕಕ್ಕೆ ನಾವು ಹೋದದ್ದು 2013ರಲ್ಲಿ. ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅರಬ್ಬೀ ಸಮುದ್ರ ನೇರ ಲೆಕ್ಕದಲ್ಲಿ ಸುಮಾರು ನೂರು ಕಿ.ಮೀ. ಪಶ್ಚಿಮಕ್ಕೆ. ಹೋದ ಮೊದಲ ಮೇ ತಿಂಗಳಲ್ಲಿ ಹಗಲು ಕಾದು ಕೆಂಡವಾದರೂ ಸಂಜೆ ಐದಾಗುತ್ತಲೇ ಸಹ್ಯಾದ್ರಿಯ ಸಂದುಗಳಿಂದ ಪಡುವಣ ಗಾಳಿ ಬೀಸತೊಡಗುತ್ತಿತ್ತು. ಆ ಗಾಳಿಗೆ ಉಪ್ಪಿನ ವಾಸನೆ ಇರಲಿಲ್ಲ, ಅಂಟೂ ಇರಲಿಲ್ಲ. ಆದರೂ ಮುಖಕ್ಕೆ ತಗಲಿದಾಗ ಇದು ನಮ್ಮ ಕಡೆಯದೇ ಗಾಳಿ, ದಾರಿಯಲ್ಲಿ ಬೆವರು ಒರೆಸಿಕೊಂಡು ಬಂದಿದೆ ಎನ್ನಿಸುತ್ತಿತ್ತು. ರಾತ್ರಿ ಹೊದಿಕೆ ಬೇಕಾಗುತ್ತಿತ್ತು. ಮೇ ತಿಂಗಳಲ್ಲಿ ಹೊದೆದು ಮಲಗುತ್ತೇವೆ ಎಂದು ಊರಿಗೆ ಫೋನು ಮಾಡಿ ಹೇಳಿದಾಗ ಯಾರೂ ನಂಬಲಿಲ್ಲ.

ಚಳಿಗಾಲವಂತೂ ನಾವು ಹಿಂದೆಂದೂ ಕಾಣದ ವಸ್ತು. ಡಿಸೆಂಬರಿನಲ್ಲಿ ಕಚೇರಿಗೆ ಸ್ವೆಟರು ಹಾಕಿಕೊಂಡು ಹೋಗುವುದೇ ಒಂದು ಬಡ್ತಿ ದೊರೆತಂತೆ. ಊರಿನ ಪೂರ್ವಕ್ಕಿರುವ ನಿಫಾಡ ತಾಲೂಕಿನಲ್ಲಿ ತಾಪಮಾನ ಐದು ಡಿಗ್ರಿಗಿಂತ ಕೆಳಗಿಳಿಯುವ ಬೆಳಗುಗಳಿವೆ. ಮಹಾರಾಷ್ಟ್ರದ ಅತಿ ಚಳಿಯ ಊರು ಎಂದು ಪತ್ರಿಕೆಗಳಲ್ಲಿ ಅದರ ಹೆಸರು ಬರುತ್ತಿರುತ್ತದೆ. ಆ ತಾಲೂಕಿನ ತುಂಬ ದ್ರಾಕ್ಷಿ ತೋಟಗಳು. ಹಗಲಿನ ಬಿಸಿಲು, ರಾತ್ರಿಯ ತಂಪು, ಒಣಹವೆ ಈ ಮೂರೂ ಕೂಡಿದರೆ ಹಣ್ಣಿಗೆ ಸಿಹಿ. ಆದರೆ ಚಳಿ ಅತಿಯಾದರೆ ಕಾಯಿ ಸೀಳುತ್ತದೆ. ಆಗ ರೈತರು ಬೆಳಗಿನ ಜಾವದಲ್ಲಿ ಸಾಲುಗಳ ನಡುವೆ ಬೆಂಕಿ ಹಾಕಿ ಹೊಗೆ ಎಬ್ಬಿಸುತ್ತಾರೆ. ಒಮ್ಮೆ ಮುಂಜಾನೆಯ ಬಸ್ಸಿನಲ್ಲಿ ಹೋಗುವಾಗ ಆ ಹೊಗೆಯನ್ನು ಕಂಡು ಎಷ್ಟು ಚಂದ ಎಂದು ಉದ್ಗರಿಸಿದೆವು. ಪಕ್ಕದಲ್ಲಿದ್ದ ರೈತರು ನಮ್ಮನ್ನು ಒಮ್ಮೆ ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದರು. ನಮಗೆ ಸ್ವೆಟರಿನ ಸುಖ ಕೊಟ್ಟ ಚಳಿ ಅವರ ವರ್ಷದ ದುಡಿಮೆಯನ್ನು ಕಿತ್ತುಕೊಳ್ಳಬಲ್ಲದು ಎಂಬುದು ಅವರು ಇಳಿದು ಹೋದ ಮೇಲೆ ಹೊಳೆಯಿತು.

2015ರಲ್ಲಿ ಮಳೆ ಕೈಕೊಟ್ಟಿತು. ಅದು ಸಿಂಹಸ್ಥ ಕುಂಭಮೇಳದ ವರ್ಷವೂ ಆಗಿತ್ತು. ಮೇಳ ಮುಗಿಯುತ್ತ ಬಂದ ಅಕ್ಟೋಬರಿನಲ್ಲಿ, ನಾಸಿಕ ಮತ್ತು ಅಹಮದನಗರ ಜಿಲ್ಲೆಗಳ ಅಣೆಕಟ್ಟುಗಳಿಂದ ಕೆಳಗಿನ ಜಾಯಕವಾಡಿಗೆ ನೀರು ಬಿಡಬೇಕೆಂಬ ಆದೇಶ ಬಂತು. ಅಕ್ಟೋಬರ್ 15ರ ಹೊತ್ತಿಗೆ ಜಾಯಕವಾಡಿಯ ಉಪಯುಕ್ತ ಸಂಗ್ರಹ ಶೇ. 65ಕ್ಕಿಂತ ಕಡಿಮೆಯಿದ್ದರೆ ಮೇಲಿನವರು ನೀರು ಹಂಚಿಕೊಳ್ಳಬೇಕು ಎಂಬುದು ನಿಯಮ. ಅದರ ಬೇರು 2005ರ ರಾಜ್ಯ ಕಾಯಿದೆಯಲ್ಲಿದೆ. ನಾಸಿಕದಲ್ಲಿ ಧರಣಿ, ಮೆರವಣಿಗೆಗಳಾದವು. ನಮ್ಮ ಕಟ್ಟಡದ ಮೆಟ್ಟಿಲುಗಳ ಮೇಲೆಯೂ ಅದೇ ಮಾತು: ನಮ್ಮ ನೀರು, ನಮ್ಮ ಅಣೆಕಟ್ಟು. ನಾವೂ ಆ ಮಾತಿಗೆ ದನಿಗೂಡಿಸಿದೆವು. ಬಂದು ಎರಡೇ ವರ್ಷವಾಗಿತ್ತು. ಆ ನದಿಗೆ ನಾವು ಒಂದು ತಂಬಿಗೆ ನೀರನ್ನೂ ಸೇರಿಸಿದವರಲ್ಲ. ಆದರೂ ‘ನಮ್ಮ ನೀರು’ ಎನ್ನಲು ಬಾಯಿ ಸಲೀಸಾಗಿ ತೆರೆಯಿತು. ಕನ್ನಡಿಗರಾದ ನಮಗೆ ಕಾವೇರಿಯ ವಿಷಯದಲ್ಲಿ ಮೇಲ್ದಂಡೆಯವರ ಭಾಷೆ ಎಳವೆಯಿಂದಲೂ ಗೊತ್ತು. ಅದೇ ಭಾಷೆ ಇಲ್ಲಿ ಮರಾಠಿಯಲ್ಲಿ ಹೊರಬಂತು, ಅಷ್ಟೆ.

ಮರುವರ್ಷದ ಚಳಿಗಾಲಕ್ಕೆ ಅಪ್ಪ, ಆಯಿ ಇಬ್ಬರನ್ನೂ ಕರೆಸಿಕೊಂಡೆವು. ಆಯಿಗೆ ಮೊದಲಿನಿಂದ ದಮ್ಮು. ಕುಮಟೆಯ ಮಳೆಗಾಲದಲ್ಲಿ ಗೋಡೆಯ ತೇವಕ್ಕೂ ಬೂಷ್ಟಿಗೂ ಅವಳ ಎದೆ ಕಟ್ಟುತ್ತಿತ್ತು. ನಾಲ್ಕು ತಿಂಗಳು ದಿಂಬಿಗೊರಗಿ ಕುಳಿತೇ ನಿದ್ದೆ. ನಾಸಿಕದ ಒಣಹವೆ ಅವಳಿಗೆ ಹಿತವಾದೀತು ಎಂದು ನಮ್ಮ ಎಣಿಕೆ. ಬಂದ ನಾಲ್ಕನೆಯ ಬೆಳಗಿನಲ್ಲಿ ಚಳಿಗಾಳಿಗೆ ಉಸಿರು ಸಿಕ್ಕಿಕೊಂಡಿತು. ಎರಡು ರಾತ್ರಿ ಆಸ್ಪತ್ರೆಯಲ್ಲಿ ಕಳೆದೆವು. ಹತ್ತು ದಿನ ಕಳೆಯುವುದರೊಳಗೆ ಇಬ್ಬರೂ ಊರಿಗೆ ಹಿಂತಿರುಗಿದರು. “ಚಂದ ಊರು. ಯಂಗೆ ಆಗ್ತಿಲ್ಲೆ” ಎಂದಳು ಆಯಿ, ರೈಲು ಹತ್ತುವಾಗ. ನಾವು ಊರನ್ನು ಹೊಗಳುತ್ತಿದ್ದ ಕಾರಣಗಳಲ್ಲಿ ಮೊದಲನೆಯದು ಆ ಚಳಿಯೇ ಆಗಿತ್ತು.

2019ರ ಜೂನ್‌ನಲ್ಲಿ ವರ್ಗವಾಯಿತು, ಅಂದಿನ ಔರಂಗಾಬಾದಿಗೆ. ಆದೇಶ ಕೈಗೆ ಬಂದ ದಿನ ಭೂಪಟ ಬಿಡಿಸಿ ನೋಡಿದೆವು. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ, 20 ಡಿಗ್ರಿಯ ಆಸುಪಾಸು. ಎತ್ತರವೂ ಹತ್ತಿರ ಹತ್ತಿರ. ಎರಡೂ ಗೋದಾವರಿಯ ಕೊಳ್ಳದಲ್ಲಿವೆ. ನಗರಗಳಲ್ಲಿ ಬೀಳುವ ಮಳೆ ಕೂಡ ಸರಾಸರಿ ಹೆಚ್ಚು ಭಿನ್ನವಲ್ಲ, ವರ್ಷಕ್ಕೆ 700 ಮಿ.ಮೀ. ಸುಮಾರು. ಒಂದು ಇನ್ನೊಂದರಿಂದ ನೇರ ಲೆಕ್ಕದಲ್ಲಿ 160 ಕಿ.ಮೀ. ಪೂರ್ವಕ್ಕಿದೆ ಎಂಬುದೊಂದೇ ವ್ಯತ್ಯಾಸ. ಹಾಗಿದ್ದ ಮೇಲೆ ಹವೆ ಅಷ್ಟೇನು ಬೇರೆಯಾದೀತು ಎಂದು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡೆವು.

ಆ 160 ಕಿ.ಮೀ. ಏನೆಂಬುದು ಹೋದ ಮೇಲೆ ತಿಳಿಯಿತು. ನಾಸಿಕದ ಬೆನ್ನಿಗೆ ಸಹ್ಯಾದ್ರಿಯಿದೆ. ಇಗತಪುರಿಯಲ್ಲಿ ಮಳೆ ಮೂರು ಸಾವಿರ ಮಿ.ಮೀ. ದಾಟುತ್ತದೆ, ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಗೋದಾವರಿ ಹುಟ್ಟುತ್ತದೆ. ಊರಿನ ಮೇಲೆ ಮಳೆ ಕಡಿಮೆಯಾದರೂ ಊರಿನ ಹಿಂದೆ ಬಿದ್ದ ಮಳೆ ಗಂಗಾಪುರದ ಅಣೆಕಟ್ಟಿನಲ್ಲಿ ಬಂದು ನಿಲ್ಲುತ್ತದೆ. ಸಂಭಾಜಿನಗರದ ಹಿಂದೆ ಹಾಗೆ ನಿಲ್ಲುವ ಬೆಟ್ಟವಿಲ್ಲ, ಪಡುವಣ ಗಾಳಿ ಅಲ್ಲಿಗೆ ತಲುಪುವ ಹೊತ್ತಿಗೆ ತಂಪನ್ನೆಲ್ಲ ದಾರಿಯಲ್ಲಿ ಹಂಚಿ ಬರಿಗೈಯಾಗಿರುತ್ತದೆ. ಮೇ ತಿಂಗಳಲ್ಲಿ ತಾಪಮಾನ 40 ದಾಟುವುದು ವಾಡಿಕೆ. ಒಗೆದು ಹಾಕಿದ ಬಟ್ಟೆ ಎರಡನೆಯ ಬಕೆಟ್ಟಿನ ಬಟ್ಟೆ ಹರವುವುದರೊಳಗೆ ಒಣಗಿ ಗರಿಗರಿಯಾಗುತ್ತದೆ. ತುಟಿ ಒಡೆಯುತ್ತದೆ, ಮರದ ಬಾಗಿಲು ಬಿರಿಯುತ್ತದೆ, ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಕರಾವಳಿಯಲ್ಲಿ ನೀರು ಮೈಬಿಟ್ಟು ಹೋಗುವುದಿಲ್ಲ; ಇಲ್ಲಿ ಮೈಯಲ್ಲಿ ನಿಲ್ಲುವುದಿಲ್ಲ.

ಊರಿನಲ್ಲಿ ಎಲ್ಲರ ಮನೆಯ ಕಿಟಕಿಗೂ ಒಂದು ಕೂಲರು. ಕರಾವಳಿಯಲ್ಲಿ ಇದನ್ನು ಇಟ್ಟುಕೊಂಡರೆ ಸೆಕೆಗೆ ಸೆಕೆ ಸೇರಿದಂತೆ. ಗಾಳಿಯಲ್ಲಿ ಆಗಲೇ ತುಂಬಿರುವ ತೇವ ಹೊಸ ನೀರನ್ನು ಆವಿಯಾಗಲು ಬಿಡುವುದಿಲ್ಲ. ಒಣಹವೆಯಲ್ಲಾದರೆ ಅದು ನಿಜಕ್ಕೂ ಮಾಯದ ಪೆಟ್ಟಿಗೆ. ಲಾವಂಚದ ಇಲ್ಲವೇ ಮರದ ಸಿಬಿರಿನ ತಟ್ಟಿಯ ಮೇಲೆ ನೀರು ಇಳಿಯುತ್ತದೆ, ಹೊರಗಿನ ಬಿಸಿಗಾಳಿ ಅದರ ಮೂಲಕ ಒಳಬರುತ್ತದೆ, ನೀರು ಆವಿಯಾಗುತ್ತ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಹೊರಗೆ ಹಕ್ಕಿ ಬಾಯಿ ತೆರೆದು ಕುಳಿತಿದ್ದರೂ ಒಳಗೆ ಮಳೆ ಬಿದ್ದ ಮಣ್ಣಿನ ವಾಸನೆ. ಇಷ್ಟಕ್ಕೆ ಬೇಕಾದದ್ದು ಸ್ವಲ್ಪ ವಿದ್ಯುತ್ತು, ಬಹಳ ನೀರು. ನಮ್ಮ ಕೂಲರು ಮೇ ತಿಂಗಳ ಒಂದು ಹಗಲಿಗೆ ಮೂರು ಬಕೆಟ್ಟು ನೀರು ಕುಡಿಯುತ್ತಿತ್ತು.

ತೊಡಕಿರುವುದು ಅಲ್ಲೇ. ಈ ನಗರದ ಕುಡಿಯುವ ನೀರು ಸುಮಾರು 50 ಕಿ.ಮೀ. ದೂರದ ಪೈಠಣದ ಬಳಿಯ ಜಾಯಕವಾಡಿಯಿಂದ ಬರಬೇಕು, ಅದೂ ನೂರು ಮೀಟರಿಗಿಂತ ಹೆಚ್ಚು ಮೇಲಕ್ಕೆ ಪಂಪಿನಿಂದ ಎತ್ತಿ. ನಮ್ಮ ಬಡಾವಣೆಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು. ‘ನೀರಿನ ದಿನ’ ಎಂಬುದು ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದ ರಜೆಗಿಂತ ದೊಡ್ಡದು. ಅಂದು ಯಾರೂ ಊರು ಬಿಟ್ಟು ಹೋಗುವುದಿಲ್ಲ. ಸಂಪು, ತಾರಸಿಯ ಟ್ಯಾಂಕು, ನೀಲಿ ಡ್ರಮ್ಮು, ಕೊನೆಗೆ ದೊಡ್ಡ ಪಾತೇಲೆಗಳೂ ತುಂಬುತ್ತವೆ. ನಾಸಿಕದಲ್ಲಿ ನಲ್ಲಿ ತಿರುಗಿಸಿದರೆ ದಿನವೂ ನೀರು ಬರುತ್ತಿದ್ದುದನ್ನು ನಾವು ಆ ಊರಿನ ಹವೆಯ ಲೆಕ್ಕಕ್ಕೆ ಎಂದೂ ಹಿಡಿದಿರಲಿಲ್ಲ.

ನಾವು ಬಂದ ವರ್ಷ ಜೂನ್‌ನಲ್ಲಿ ಜಾಯಕವಾಡಿಯ ಮಟ್ಟ ಮೃತ ಸಂಗ್ರಹಕ್ಕಿಂತಲೂ ಕೆಳಗಿತ್ತು. ಜುಲೈ ಕಳೆದರೂ ಊರಿನಲ್ಲಿ ಹೇಳಿಕೊಳ್ಳುವಂಥ ಮಳೆಯಿಲ್ಲ. ಆಗಸ್ಟ್‌ನಲ್ಲಿ ಮೋಡ ಬಿತ್ತನೆಯ ವಿಮಾನ ಹಾರತೊಡಗಿತು. ಅಷ್ಟರಲ್ಲಿ ಆಗಸ್ಟ್ 4ರಂದು ನಾಸಿಕದ ಹಳೆಯ ನೆರೆಯವರು ಫೋಟೋ ಕಳಿಸಿದರು: ಗೋದಾವರಿಗೆ ಮಹಾಪೂರ. ನಾಸಿಕದವರು ಪೂರವನ್ನು ಅಳೆಯುವುದು ನದಿಯ ಪಾತ್ರದಲ್ಲಿ ನಿಂತಿರುವ ದುತೋಂಡ್ಯಾ ಮಾರುತಿಯ ಮೈಯಿಂದ. ಎರಡು ಮುಖದ ಹನುಮಂತನ ಮೂರ್ತಿ ಅದು. ಸೊಂಟದವರೆಗೆ ನೀರು ಬಂತೆಂದರೆ ಒಂದು ಲೆಕ್ಕ, ಕೊರಳಿಗೆ ಬಂತೆಂದರೆ ದಂಡೆಯ ಅಂಗಡಿಗಳ ಸಾಮಾನು ಹೊರಗೆ. ಫೋಟೋದಲ್ಲಿ ಮಾರುತಿ ಮುಳುಗಿದ್ದ. ನಮಗೆ ಗೊತ್ತಿದ್ದ ಅಂಗಡಿಗಳು, ದಿನವೂ ದಾಟುತ್ತಿದ್ದ ಸೇತುವೆ ಎಲ್ಲ ಕೆಸರು ನೀರಿನಲ್ಲಿ. ಕಳವಳಗೊಂಡು ಪಕ್ಕದ ಮನೆಯ ಕಾಕೂಗೆ ಫೋಟೋ ತೋರಿಸಿದೆವು. ಅವರು ಎರಡೂ ಕೈ ಮುಗಿದು “ದೇವ ಕಣ್ಣು ತೆರೆದ” ಎಂದರು. ಒಂದು ಕ್ಷಣ ನಮಗೆ ಸಿಟ್ಟು ಬಂತು. ಆಮೇಲೆ ಅವರೇ ವಿವರಿಸಿದರು: ಆ ನೀರು ನಾಂದೂರ ಮಧಮೇಶ್ವರದ ಒಡ್ಡು ದಾಟಿ ಕೆಳಗೆ ಬರುತ್ತದೆ, ಕೆಲವು ದಿನಗಳಲ್ಲಿ ನಾಥಸಾಗರಕ್ಕೆ.

ಹಾಗೆಯೇ ಆಯಿತು. ಸಂಭಾಜಿನಗರದ ಆಕಾಶದಿಂದ ಬೀಳದ ಮಳೆ ಭೂಮಿಯ ಮೇಲಿನಿಂದ ನಡೆದು ಬಂತು. ಪತ್ರಿಕೆಯ ಮೊದಲ ಪುಟದಲ್ಲಿ ದಿನವೂ ಜಾಯಕವಾಡಿಯ ಶೇಕಡಾ ಲೆಕ್ಕ. ಕ್ರಿಕೆಟ್ ಸ್ಕೋರಿನಂತೆ ಕಚೇರಿಯಲ್ಲಿ ಅದೇ ಮಾತು. ಆಗಸ್ಟ್ ಮಧ್ಯದ ಹೊತ್ತಿಗೆ ಅಣೆಕಟ್ಟು ಶೇ. 90 ಮುಟ್ಟಿತು. ಇಲ್ಲಿಯ ಜನ ಮಳೆಗಾಲದಲ್ಲಿ ತಮ್ಮ ತಲೆಯ ಮೇಲಿನ ಮೋಡಕ್ಕಿಂತ ಹೆಚ್ಚಾಗಿ ನಾಸಿಕದ ಮೋಡವನ್ನು ನೋಡುತ್ತಾರೆ ಎಂಬುದು ಆಗ ಗೊತ್ತಾಯಿತು. ನಾಲ್ಕು ವರ್ಷದ ಹಿಂದೆ ಮೆಟ್ಟಿಲ ಮೇಲೆ ನಿಂತು ‘ನಮ್ಮ ನೀರು’ ಎಂದದ್ದು ನೆನಪಾಗಿ, ಕಾಕೂಗೆ ಆ ಸಂಗತಿಯನ್ನು ನಾವು ಇಂದಿಗೂ ಹೇಳಿಲ್ಲ.

ಊರು ನಿಧಾನವಾಗಿ ಒಲಿಯಿತು. ನಮ್ಮ ಮನೆಯಿಂದ ಹತ್ತಿಪ್ಪತ್ತು ಕಿ.ಮೀ. ದೂರದಲ್ಲಿ ದೌಲತಾಬಾದ್, 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ದೆಹಲಿಯಿಂದ ರಾಜಧಾನಿಯನ್ನೇ ಇಲ್ಲಿಗೆ ವರ್ಗ ಮಾಡಿದ್ದ. ಸರ್ಕಾರಿ ನೌಕರರ ಮೊದಲ ಸಾಮೂಹಿಕ ವರ್ಗಾವಣೆ ಎಂದು ಕಚೇರಿಯಲ್ಲಿ ನಗುತ್ತೇವೆ. ಎಲ್ಲೋರದ ಕೈಲಾಸ ನಮ್ಮ ರಾಷ್ಟ್ರಕೂಟರದು. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಗಡಿ ಹೇಳಿದ್ದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಆ ಗಡಿಯ ಕಲ್ಲಿನ ಬಳಿಯೇ ಬಾಡಿಗೆ ಮನೆ ಹಿಡಿದಂತಾಯಿತು. ಈ ಜಿಲ್ಲೆಯ ಒಂದು ತಾಲೂಕಿನ ಹೆಸರೇ ‘ಕನ್ನಡ’. ಬಸ್ ನಿಲ್ದಾಣದಲ್ಲಿ ನಾಗರಿ ಲಿಪಿಯಲ್ಲಿ ಆ ಹಲಗೆ ಹೊತ್ತ ಬಸ್ಸನ್ನು ಮೊದಲ ಬಾರಿ ಕಂಡಾಗ ನಾವು ಮೂವರೂ ಸುಮ್ಮನೆ ನಿಂತು ನೋಡಿದ್ದೆವು.

ಎಲ್ಲಕ್ಕಿಂತ ನಮ್ಮನ್ನು ಹಿಡಿದದ್ದು ಪನ್‌ಚಕ್ಕಿ. ಗುಲಾಮನಾಗಿ ಮಾರಾಟವಾಗಿ ಇಥಿಯೋಪಿಯಾದಿಂದ ಬಂದ ಮಲಿಕ್ ಅಂಬರ್ ಅಹಮದನಗರದ ನಿಜಾಮಶಾಹಿಯ ಮಂತ್ರಿಯಾಗಿ 1610ರಲ್ಲಿ ಖಡಕಿ ಎಂಬ ಈ ಊರನ್ನು ಕಟ್ಟಿದ. ಒಣಭೂಮಿಯಲ್ಲಿ ನಗರ ಕಟ್ಟುವವನು ಮೊದಲು ನೀರಿನ ದಾರಿ ಹುಡುಕಬೇಕೆಂದು ಅವನಿಗೆ ತಿಳಿದಿತ್ತು. ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗಿನ ಕಾಲುವೆಯಲ್ಲಿ, ಇಳಿಜಾರಿನ ಬಲದಿಂದಲೇ, ಬಿಸಿಲಿಗೆ ಕಾಣಿಸದಂತೆ ಊರಿಗೆ ತಂದ. ನಹರ್-ಎ-ಅಂಬರಿ ಎಂಬುದು ಅದರ ಹೆಸರು. ಅಂಥದೇ ನೆಲದಡಿಯ ಕಾಲುವೆಯ ನೀರಿನಿಂದ ಮುಂದೆ ಪನ್‌ಚಕ್ಕಿಯ ಬೀಸುವ ಕಲ್ಲು ತಿರುಗಿತು. ಇಲ್ಲಿ ನೀರನ್ನು ತೆರೆದಿಟ್ಟರೆ ಸೂರ್ಯನ ಪಾಲು ಎಂದು ಆತ ಅರಿತಿದ್ದ. ಇಂದಿನ ಜಾಯಕವಾಡಿ ವಿಶಾಲ, ಆದರೆ ಆಳವಿಲ್ಲದ ಜಲಾಶಯ; ಪ್ರತಿ ಬೇಸಿಗೆಯಲ್ಲಿ ಅದರ ದೊಡ್ಡ ಪಾಲು ಆಕಾಶಕ್ಕೆ ಹೋಗುತ್ತದೆ.

2021ರಲ್ಲಿ ಅಪ್ಪ ತೀರಿಕೊಂಡರು. ನವೆಂಬರಿನಲ್ಲಿ ಆಯಿಯನ್ನು ಕರೆತಂದೆವು. ನಾಸಿಕದ ಅನುಭವದ ಮೇಲೆ ನಮಗೆ ಭಯವಿತ್ತು. ಒಂದು ತಿಂಗಳು ನೋಡೋಣ, ಆಗದಿದ್ದರೆ ಬೇರೆ ದಾರಿ ಎಂದುಕೊಂಡಿದ್ದೆವು. ತಿಂಗಳು ಕಳೆಯಿತು, ಚಳಿಗಾಲ ಕಳೆಯಿತು, ಆಯಿಯ ಎದೆ ಕಟ್ಟಲಿಲ್ಲ. ಮರುವರ್ಷ ಜುಲೈ ಬಂದಾಗ, ಊರಿನಲ್ಲಾಗಿದ್ದರೆ ದಿಂಬಿಗೊರಗುವ ಕಾಲದಲ್ಲಿ, ಅವಳು ಚಪ್ಪಟೆ ಮಲಗಿ ಗೊರಕೆ ಹೊಡೆದಳು. ಆ ಗೊರಕೆಯನ್ನು ನಾವಿಬ್ಬರೂ ಬಾಗಿಲಲ್ಲಿ ನಿಂತು ಕೇಳಿದ್ದೇವೆ. ವೈದ್ಯರು ಇದನ್ನು ನಿಯಮವೆಂದು ಹೇಳಲಿಲ್ಲ. ಒಬ್ಬೊಬ್ಬರ ಶ್ವಾಸ ಒಂದೊಂದು ರೀತಿ, ಇವರಿಗೆ ಇಲ್ಲಿಯದು ಒಗ್ಗಿದೆ ಎಂದಷ್ಟೇ ಹೇಳಿ ಔಷಧ ಮುಂದುವರಿಸಿದರು.

ಕಟ್ಟಡದ ಮಕ್ಕಳೆಲ್ಲ ಅವಳನ್ನು ಆಯಿ ಎಂದೇ ಕರೆದರು. ಮರಾಠಿಯಲ್ಲೂ ತಾಯಿಗೆ ಅದೇ ಮಾತು. ಭಾಷೆ ಬಾರದ ಅವಳಿಗೆ ಇದೊಂದು ಪದದಿಂದ ಊರಿನ ಬಾಗಿಲು ತೆರೆಯಿತು. ಬೇಸಿಗೆಯಲ್ಲಿ ಕಾಕೂ ತಾರಸಿಯ ಮೇಲೆ ಗೋದಿಯ ಕುರಡಯಿ ಒತ್ತಿದರೆ ಪಕ್ಕದಲ್ಲಿ ಇವಳ ಅಕ್ಕಿ ಸಂಡಿಗೆ. ಬೆಳಿಗ್ಗೆ ಇಟ್ಟದ್ದು ಸಂಜೆಗೆ ಡಬ್ಬಿ ಸೇರುವುದನ್ನು ಕಂಡು ಅವಳಿಗೆ ಆದ ಆನಂದ ಅಷ್ಟಿಷ್ಟಲ್ಲ. ಕುಮಟೆಯಲ್ಲಿ ಮೋಡ ನೋಡುತ್ತ, ಕಾಗೆ ಓಡಿಸುತ್ತ ನಾಲ್ಕು ದಿನದ ಕೆಲಸ ಅದು.

ಒಂದು ವಿಷಯ ಮಾತ್ರ ಅವಳಿಗೆ ಒಗ್ಗಲಿಲ್ಲ. ಬಂದ ಮೊದಲ ದಿನವೇ ಹಿಂಬಾಗಿಲು ತೆರೆದು ನೋಡಿ “ತಮಾ, ಬಾವಿ ಎಲ್ಲಿದ್ದು?” ಎಂದು ಕೇಳಿದ್ದಳು. ನೀರಿನ ದಿನದ ಲೆಕ್ಕ ತಿಳಿದ ಮೇಲೆ ಅವಳು ತನ್ನ ಪಾಲಿನ ಕೂಲರನ್ನು ಬಂದ್ ಮಾಡಿಸಿದಳು. 42 ಡಿಗ್ರಿಯ ಮಧ್ಯಾಹ್ನ ಒದ್ದೆ ಪಂಚೆಯ ತುಂಡನ್ನು ತಲೆಗೆ ಹಾಕಿಕೊಂಡು ಕುಳಿತವಳನ್ನು ಎಷ್ಟು ಒತ್ತಾಯಿಸಿದರೂ ಕೇಳಲಿಲ್ಲ. “ಬಿಸ್ಲು ತಡ್ಕಂಬ್ಲಕ್ಕು. ಕುಡಿಯ ನೀರನ್ನು ಗಾಳಿಗೆ ಹಾಕೂಲೆ ಯಂಗೆ ಮನಸ್ಸು ಬತ್ತಿಲ್ಲೆ” ಎಂದಳು. ನಾವು ನಮ್ಮ ಕೋಣೆಯ ಕೂಲರಿಗೆ ನೀರು ಹೊಯ್ಯುವಾಗ ಸದ್ದಾಗದಂತೆ ಹೊಯ್ಯುವುದನ್ನು ಕಲಿತೆವು.

2023ರಲ್ಲಿ ಮತ್ತೆ ಮಳೆ ಕೊರತೆ. ಅಕ್ಟೋಬರ್ 15ಕ್ಕೆ ಜಾಯಕವಾಡಿ ಶೇ. 65 ಮುಟ್ಟಲಿಲ್ಲ, ನವೆಂಬರಿನಲ್ಲಿ ಮೇಲಿನಿಂದ ನೀರು ಬಿಡಿಸಲಾಯಿತು. ಈ ಸಲ ನಾವು ಕೆಳಗಿದ್ದೆವು. ಮೇಲಿನವರು ಧರಣಿ ಕುಳಿತ ಸುದ್ದಿಯನ್ನು ಇಲ್ಲಿಯ ಚಹದಂಗಡಿಯಲ್ಲಿ ಓದುವಾಗ, ಅವರ ಮಾತಿನ ಪ್ರತಿಯೊಂದು ವಾಕ್ಯವೂ ನಮಗೆ ಮೊದಲೇ ಗೊತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ದ್ರಾಕ್ಷಿ, ಈರುಳ್ಳಿ ಬೆಳೆಯುವವರಿಗೂ ನೀರು ಬೇಕು. ಇಲ್ಲಿಯವರ ಮಾತಿನಲ್ಲೂ ಸುಳ್ಳಿರಲಿಲ್ಲ. ಎರಡೂ ದಂಡೆಯ ಮಾತು ತಿಳಿದವರಿಗೆ ಚಹದಂಗಡಿಯಲ್ಲಿ ಬಾಯಿ ಮುಚ್ಚಿ ಕುಳಿತುಕೊಳ್ಳುವುದೇ ಗತಿ.

2024ರ ಬೇಸಿಗೆ ಕಠಿಣವಾಗಿತ್ತು. ಜೂನ್ ಹೊತ್ತಿಗೆ ಉಪಯುಕ್ತ ಸಂಗ್ರಹ ಶೇ. 10ಕ್ಕಿಂತ ಕೆಳಗಿಳಿಯಿತು. ಟ್ಯಾಂಕರಿಗೆ ಹೇಳಿ ಎರಡು ದಿನ ಕಾಯುವ ಪರಿಸ್ಥಿತಿ. ಅದೇ ಏಪ್ರಿಲ್‌ನಲ್ಲಿ ವರ್ಗಾವಣೆಗೆ ಇಚ್ಛೆಯ ಊರುಗಳನ್ನು ಬರೆದು ಕೊಡುವ ನಮೂನೆ ಬಂದಿತ್ತು. ನಾಸಿಕದಲ್ಲಿ ಹುದ್ದೆ ಖಾಲಿಯಿತ್ತು. ಅರ್ಧ ಗಂಟೆಯೂ ಯೋಚಿಸದೆ ಮೊದಲ ಸಾಲಿನಲ್ಲಿ ನಾಸಿಕ ಎಂದು ಬರೆದೆವು. ದಿನವೂ ಬರುವ ನೀರು, ಸಂಜೆಯ ಗಾಳಿ, ಹೊದೆದು ಮಲಗುವ ರಾತ್ರಿಗಳು. ಹದಿಮೂರರ ಮಗಳು “ನನಗೆ ಇದೇ ಊರು” ಎಂದು ಅತ್ತಳು. ಅವಳಿಗೆ ಬುದ್ಧಿ ಬಂದಾಗಿನಿಂದ ಕಂಡದ್ದು ಇದೇ ಬಿಸಿಲು. ಮಕ್ಕಳು ಹೊಂದಿಕೊಳ್ಳುತ್ತಾರೆ ಎಂದೆವು. ಆಯಿ ಏನೂ ಹೇಳಲಿಲ್ಲ. ರಾತ್ರಿ ಊಟದ ಹೊತ್ತಿಗೆ ತಾನೇ ಕೇಳಿದಳು: “ಅಲ್ಲಿ ಚಳಿ ಹಾಂಗೇ ಇದ್ದೋ?”

ಅಷ್ಟೇ ಕೇಳಿದ್ದು. ಬೇಡ ಎನ್ನಲಿಲ್ಲ. ನಾವು ಬರೆಯುವಾಗ ಅವಳ ಶ್ವಾಸದ ನೆನಪು ಬರಲಿಲ್ಲವೇ? ಬಂದಿತ್ತು, ಚಳಿಗಾಲದಲ್ಲಿ ನಾಲ್ಕು ತಿಂಗಳು ಅವಳನ್ನು ಊರಿಗೆ ಕಳಿಸಿದರಾಯಿತು ಎಂದು ಮನಸ್ಸಿನಲ್ಲೇ ಏರ್ಪಾಡು ಮಾಡಿಕೊಂಡಿದ್ದೆವು. ಊರಿನ ಮನೆಯಲ್ಲಿ ಈಗ ಯಾರೂ ಇಲ್ಲ ಎಂಬುದು ಆ ಏರ್ಪಾಡಿನಲ್ಲಿ ಸೇರಿರಲಿಲ್ಲ. ಅಂದು ರಾತ್ರಿ ನಮ್ಮ ಕೋಣೆಯಲ್ಲಿ ಕೂಲರು ನಡೆಯಲಿಲ್ಲ. ನೀರು ಉಳಿಸಲೆಂದು ಹಾಗೆ ಮಾಡಿದ್ದಲ್ಲ; ಹಚ್ಚಲು ಇಬ್ಬರೂ ಏಳಲಿಲ್ಲ, ಅಷ್ಟೆ. ಮರುದಿನ ನಮೂನೆ ಕೊಡುವ ಮೊದಲು ನಾಸಿಕವನ್ನು ಹೊಡೆದುಹಾಕಿ, ಇದೇ ಊರಿನಲ್ಲಿ ಮುಂದುವರಿಸಲು ಕೋರಿಕೆ ಬರೆದೆವು. ತ್ಯಾಗ ಮಾಡಿದೆವೆಂಬ ಭಾವ ನಮಗಿಲ್ಲ. ಈಗಲೂ ಮೇ ತಿಂಗಳ ಸಂಜೆ ಐದಕ್ಕೆ ನಾಸಿಕದ ಗಾಳಿ ನೆನಪಾಗಿ ಹೊಟ್ಟೆಯೊಳಗೆ ಏನೋ ಕದಲುತ್ತದೆ.

ಆ ವರ್ಷ ಮಳೆ ಕೈಹಿಡಿಯಿತು. ಸೆಪ್ಟೆಂಬರ್ ಎರಡನೆಯ ವಾರ ಜಾಯಕವಾಡಿ ತುಂಬಿ ಗೇಟು ತೆರೆದರು. ಭಾನುವಾರ ಆಯಿಯನ್ನು ಕರೆದುಕೊಂಡು ಪೈಠಣಕ್ಕೆ ಹೋದೆವು. ಜಾತ್ರೆಯಷ್ಟು ಜನ. ಕಾಕೂ ಮನೆಯವರೂ ಬಂದಿದ್ದರು, ಬುತ್ತಿ ಕಟ್ಟಿಕೊಂಡು. ನೀರನ್ನೇ ನೋಡಲು ಬುತ್ತಿ ಕಟ್ಟಿಕೊಂಡು ಬರುವ ಜನರನ್ನು ಆಯಿ ಮೊದಲು ಕಂಡಿರಲಿಲ್ಲ. ಕುಮಟೆಯಲ್ಲಿ ಮಳೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಬಹಳ ಹೊತ್ತು ಆ ನೊರೆಯನ್ನೇ ನೋಡುತ್ತ ನಿಂತು, “ಇದು ನಾಸಿಕದ ನೀರೋ?” ಎಂದಳು. ಹೌದೆಂದೆವು. “ಎಷ್ಟು ದಿನಕ್ಕೆ ಸಾಕಾಗ್ತು?” ಎಂದು ಕೇಳಿದಳು. ಹಿತಮಿತವಾಗಿ ಬಳಸಿದರೆ ಮುಂದಿನ ಮಳೆಗಾಲದವರೆಗೆ ಎಂದೆವು. ಅವಳು ತಲೆಯಾಡಿಸಿ, ನೀರಿಗೆ ಕೈ ಮುಗಿದು, ಮರುದಿನ ನೀರಿನ ದಿನ, ಬೇಗ ಹೊರಡೋಣ ಎಂದು ಅವಸರ ಮಾಡಿದಳು.

ಈ ಸಲ ಊರಿನ ಮದುವೆಯಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ನಾವು ಬಾಯಿ ತೆರೆಯುವ ಮೊದಲೇ, ಎದುರಿನ ಪಂಕ್ತಿಯಲ್ಲಿದ್ದ ಆಯಿ ತನ್ನ ಸಂಡಿಗೆ ಒಂದೇ ದಿನದಲ್ಲಿ ಒಣಗುವ ಊರಿನ ಕತೆಯನ್ನು ಅಕ್ಕಪಕ್ಕದವರಿಗೆ ಹೇಳತೊಡಗಿದ್ದಳು. ಬಡಿಸುವವರು ಹಿತ್ತಿಲ ಬಾವಿಯಿಂದ ಸೇದಿ ತಂದ ನೀರನ್ನು ಲೋಟ ತುಂಬಿ ಚೆಲ್ಲುವಂತೆ ಹೊಯ್ದು ಮುಂದೆ ಹೋದರು. ಮಗಳು ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಬೀಳದಂತೆ ಎತ್ತಿ ಕುಡಿದಳು.